ಇಂಗ್ಲಿಷಿನ ಕಠಿಣ ಪದಗಳ ಕಲಿಕೆ: ಪಟ್ಟಿಯೋ, ಧಾತುವೋ, ಪತ್ರಿಕೆಯೋ, ಚೀಟಿಯೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಪುಸ್ತಕದಂಗಡಿಗೆ ಹೋಗಿ ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಪುಸ್ತಕವನ್ನು ಕೇಳಿದರೂ, ಅದರ ಜೊತೆಗೆ ಇಂಗ್ಲಿಷ್ ಪದಗಳ ದಪ್ಪ ಪುಸ್ತಕವೊಂದು ಕೇಳದೆಯೇ ಮುಂದೆ ಬರುತ್ತದೆ. ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರಗಳಿಂದ ಬಂದು ನಗರದಲ್ಲಿ ಕೋಣೆ ಹಿಡಿದು ಓದುವ, ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಕಲಿತ ಅಭ್ಯರ್ಥಿಗಳು ಅದನ್ನು ಕೊಳ್ಳುತ್ತಾರೆ, ಮೊದಲ ಅಕ್ಷರದಿಂದ ಬಾಯಿಪಾಠ ಆರಂಭಿಸುತ್ತಾರೆ, ಮತ್ತು ಅನೇಕರು ಮೂರನೆಯ ಅಕ್ಷರ ಮುಗಿಯುವ ಮೊದಲೇ ಬಿಟ್ಟುಬಿಡುತ್ತಾರೆ. ನಾನೂ ಹಾಗೆ ಬಿಟ್ಟವನೇ. 'ಅಬೇಟ್', 'ಅಬ್ಡಿಕೇಟ್', 'ಅಬೆರೇಷನ್' ಎಂಬ ಪದಗಳ ಅರ್ಥವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಂದಿಗೂ ಹೇಳಬಲ್ಲೆ. ಏಕೆಂದರೆ ಆ ಪಟ್ಟಿಯನ್ನು ಮೂರು ಸಲ ಮೊದಲಿನಿಂದ ಶುರು ಮಾಡಿದ್ದೇನೆ.

ಪದಗಳನ್ನು ಕಲಿಯುವ ಮಾರ್ಗಗಳು ಹಲವಿದ್ದರೂ, ನಮ್ಮ ಕಡೆಯ ಅಭ್ಯರ್ಥಿಗಳ ಮುಂದೆ ಸಾಮಾನ್ಯವಾಗಿ ನಾಲ್ಕು ಇರುತ್ತವೆ: ಸಿದ್ಧ ಪಟ್ಟಿಯ ಬಾಯಿಪಾಠ, ಪದಗಳ ಮೂಲವಾದ ಧಾತುಗಳ ಮೂಲಕ ಕಲಿಕೆ, ಪತ್ರಿಕೆಯ ಓದು, ಮತ್ತು ಚೀಟಿಗಳನ್ನು ಮತ್ತೆ ಮತ್ತೆ ನೋಡುವ ಅಭ್ಯಾಸ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವ ಮೊದಲು, ಪದ ನಿಮಗೆ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಕೇಳಿಕೊಳ್ಳಬೇಕು. ಕಂಡಾಗ ಗುರುತು ಹಿಡಿದರೆ ಸಾಕೋ, ಅಥವಾ ನೀವೇ ಬರೆಯುವಾಗ, ಮಾತಾಡುವಾಗ ಅದು ಕೈಗೆ ಬರಬೇಕೋ? ಜಾತ್ರೆಯಲ್ಲಿ ಮುಖ ನೋಡಿ 'ಇವರನ್ನು ಎಲ್ಲೋ ಕಂಡಿದ್ದೇನೆ' ಎನ್ನುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಎಷ್ಟು ಅಂತರವಿದೆಯೋ ಅಷ್ಟೇ ಅಂತರ ಇಲ್ಲಿಯೂ ಇದೆ.

ಪರೀಕ್ಷೆಗಳು ಈ ವಿಷಯದಲ್ಲಿ ಒಂದೇ ಥರ ಇಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳ ಪೈಕಿ 25 ಇಂಗ್ಲಿಷಿನವು, ಮತ್ತು ಅಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ಹಲವು ಪದಗಳಿಗೆ ಒಂದು ಪದ ಎಂಬಂಥ ಪ್ರಶ್ನೆಗಳು ನೇರವಾಗಿಯೇ ಬರುತ್ತವೆ. ಇಲ್ಲಿ ಗುರುತು ಹಿಡಿದರೆ ಸಾಕು. ಐಬಿಪಿಎಸ್ ಸಂಸ್ಥೆ ನಡೆಸುವ ಬ್ಯಾಂಕ್ ಪ್ರೊಬೇಷನರಿ ಅಧಿಕಾರಿಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 30 ಪ್ರಶ್ನೆಗಳಿದ್ದು ಸಮಯ 20 ನಿಮಿಷ ಮಾತ್ರ. ಅಲ್ಲಿ ಪದದ ಅರ್ಥಕ್ಕಿಂತ ಗದ್ಯಭಾಗವನ್ನು ಎಡವದೆ ಓದುವ ವೇಗ ಮುಖ್ಯ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಇಂಗ್ಲಿಷ್ ಪತ್ರಿಕೆಯೊಂದಿದ್ದು, ಅದರಲ್ಲಿ ಅರ್ಹತೆ ಪಡೆದರೆ ಸಾಕಾದರೂ, ಪ್ರಬಂಧ ಮತ್ತು ಸಂಕ್ಷೇಪ ಲೇಖನವನ್ನು ಸ್ವತಃ ಬರೆಯಬೇಕಾಗುತ್ತದೆ. ವಿದೇಶಕ್ಕೆ ಹೋಗಲು ಬರೆಯುವ ಐಇಎಲ್‌ಟಿಎಸ್‌ನಲ್ಲಂತೂ ಬರವಣಿಗೆ ಮತ್ತು ಮಾತು ಎರಡರಲ್ಲೂ ನಾಲ್ಕನೆಯ ಒಂದು ಭಾಗ ಅಂಕ ಪದಬಳಕೆಗೇ ಮೀಸಲು, ಮತ್ತು ತಪ್ಪು ಜಾಗದಲ್ಲಿ ಕೂರಿಸಿದ ದೊಡ್ಡ ಪದ ಅಲ್ಲಿ ಅಂಕ ತರುವ ಬದಲು ಕಳೆಯುತ್ತದೆ.

ಪಟ್ಟಿಯ ಲಾಭ ಮತ್ತು ಮಿತಿ

ಪಟ್ಟಿಯನ್ನು ಪೂರ್ತಿ ತೆಗಳುವುದು ಸರಿಯಲ್ಲ. ಪಟ್ಟಿ ಮಾಡುವ ಶಾಸ್ತ್ರಕ್ಕೂ ನಮ್ಮ ಉಪಖಂಡಕ್ಕೂ ನಂಟಿದೆ: ಬಂಗಾಳದ ಶಿಕ್ಷಣ ಇಲಾಖೆಯಲ್ಲಿ ದುಡಿದು, ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವ ಬಗೆಯನ್ನು ಅರಸಿದ ಮೈಕೇಲ್ ವೆಸ್ಟ್ ಅವರೇ 1953ರಲ್ಲಿ ಅತಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿಯನ್ನು ಪ್ರಕಟಿಸಿದವರು. 2000ರಲ್ಲಿ ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಅವರು ವಿದ್ವತ್ ಬರಹಗಳಲ್ಲಿ ಪದೇ ಪದೇ ಬರುವ 570 ಪದಕುಟುಂಬಗಳನ್ನು (ಒಂದು ಮೂಲಪದ ಮತ್ತು ಅದರ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಆಯ್ದು ಕೊಟ್ಟರು. ಅಂಥ ಬರಹಗಳ ಸುಮಾರು ಹತ್ತನೆಯ ಒಂದು ಪಾಲು ಈ ಪದಗಳಿಂದಲೇ ತುಂಬಿರುತ್ತದೆ. ಈ ಪಟ್ಟಿಗಳು ಎಣಿಕೆಯ ಮೇಲೆ ನಿಂತವು. ಯಾವ ಪದ ನಿಜವಾಗಿ ಎಷ್ಟು ಸಲ ಎದುರಾಗುತ್ತದೆ ಎಂಬುದೇ ಅವುಗಳ ಅಳತೆ.

ಅಂಗಡಿಯಲ್ಲಿ ಸಿಗುವ ದಪ್ಪ ಪಟ್ಟಿಗಳ ಕಥೆ ಬೇರೆ. ಅವುಗಳಲ್ಲಿ ಹಲವು ಅಮೆರಿಕದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಹಳೆಯ ಮಾದರಿಗಾಗಿ ಸಿದ್ಧವಾದವು. ಆ ಪರೀಕ್ಷೆಯಲ್ಲಿ ಬಿಡಿ ಪದ ಕೊಟ್ಟು ವಿರುದ್ಧಾರ್ಥ ಕೇಳುವ ಪ್ರಶ್ನೆಗಳನ್ನು 2011ರಲ್ಲೇ ಕೈಬಿಡಲಾಯಿತು. ಈಗ ವಾಕ್ಯದ ಒಳಗಿನ ಖಾಲಿ ಜಾಗಕ್ಕೆ ಹೊಂದುವ ಪದವನ್ನು ಆರಿಸಬೇಕು. ಹೀಗಿದ್ದೂ ಹಳೆಯ ಪಟ್ಟಿಗಳು ಹೊಸ ಮುಖಪುಟ ಹೊದ್ದು ಮಾರಾಟವಾಗುತ್ತಲೇ ಇವೆ. ಅಕಾರಾದಿ ಕ್ರಮವೂ ಕಲಿಕೆಗೆ ಶತ್ರುವೇ ಸರಿ: ಒಂದರ ಪಕ್ಕ ಒಂದು ಕುಳಿತ, ನೋಡಲು ಒಂದೇ ಥರ ಇರುವ ಪದಗಳು ನೆನಪಿನಲ್ಲಿ ಒಂದಕ್ಕೊಂದು ಕಲಸಿಹೋಗುತ್ತವೆ. ಪಟ್ಟಿಯೇ ಬೇಕೆಂದಾದರೆ, ನೀವು ಬರೆಯುವ ಪರೀಕ್ಷೆಯ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿಂದ ನೀವೇ ಹೆಕ್ಕಿದ ಪಟ್ಟಿ ಎಲ್ಲಕ್ಕಿಂತ ಉಪಯುಕ್ತ.

ಧಾತುಗಳ ದಾರಿ

ನಾರ್ಮನ್ ಲೂಯಿಸ್ 1949ರಲ್ಲಿ ಹೊರತಂದ, ಇಂದಿಗೂ ಭಾರತದ ಪುಸ್ತಕದಂಗಡಿಗಳಲ್ಲಿ ತಪ್ಪದೆ ಕಾಣುವ 'ವರ್ಡ್ ಪವರ್ ಮೇಡ್ ಈಸಿ' ಜನಪ್ರಿಯಗೊಳಿಸಿದ ದಾರಿ ಇದು: ಲ್ಯಾಟಿನ್ ಮತ್ತು ಗ್ರೀಕ್ ಮೂಲದ ಧಾತುಗಳನ್ನು ಕಲಿತರೆ ಒಂದು ಧಾತುವಿನಿಂದ ಹತ್ತು ಪದಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ಎಂಬುದು ಅದರ ನಂಬಿಕೆ. ಕನ್ನಡ ಓದುಗರಿಗೆ ಇಲ್ಲೊಂದು ಅನುಕೂಲವಿದೆ, ಆದರೆ ಅದನ್ನು ಬಳಸಿಕೊಳ್ಳುವವರು ಕಡಿಮೆ. ಲ್ಯಾಟಿನ್, ಗ್ರೀಕ್, ಸಂಸ್ಕೃತಗಳು ಒಂದೇ ಭಾಷಾಕುಟುಂಬಕ್ಕೆ ಸೇರಿದವು. ನಮ್ಮ ಕನ್ನಡ ದ್ರಾವಿಡ ಭಾಷೆಯಾದರೂ ಅದರಲ್ಲಿ ಸಂಸ್ಕೃತದ ಪದಗಳು ಧಾರಾಳವಾಗಿ ನೆಲೆಸಿರುವುದರಿಂದ, ಇಂಗ್ಲಿಷಿನ ಕಠಿಣ ಪದಗಳ ಅರ್ಧ ಗುಟ್ಟು ನಮ್ಮ ಬಾಯಲ್ಲೇ ಇದೆ.

'ವಾಕ್' ಎಂಬುದನ್ನು ತೆಗೆದುಕೊಳ್ಳಿ. ಅದರ ಲ್ಯಾಟಿನ್ ಸೋದರ ಪದದಿಂದ 'ವೋಕಲ್' ಬಂದಿತು. ಎರಡು ಕಡೆಗೂ ಸಮನಾಗಿ ಮಾತಾಡಿ ಜಾರಿಕೊಳ್ಳುವುದು 'ಇಕ್ವಿವೊಕೇಟ್' ಆಯಿತು. 'ವೆಚ್ಚ ಭರಿಸು' ಎನ್ನುವಾಗಿನ 'ಭರಿಸು'ವಿನ ಬಂಧುವನ್ನು ಅದರ ಜೊತೆ ಸೇರಿಸಿದರೆ, ಗಂಟಲು ಹರಿಯುವಂತೆ ಕೂಗುವವರನ್ನು ವರ್ಣಿಸುವ 'ವೊಸಿಫರಸ್' ಸಿಗುತ್ತದೆ. 'ಅಗ್ನಿ'ಯ ನಂಟು 'ಇಗ್ನೈಟ್'ಗೆ, 'ಮೃತ'ದ ನಂಟು 'ಮಾರ್ಟಲ್' ಮತ್ತು ಸಾವಿನಂಚಿನಲ್ಲಿರುವ ಸಂಸ್ಥೆಗೋ ಪದ್ಧತಿಗೋ ಹೇಳುವ 'ಮಾರಿಬಂಡ್'ಗೆ, 'ಜ್ಞಾನ'ದ ನಂಟು 'ಕಾಗ್ನಿಷನ್' ಮತ್ತು 'ಅಗ್ನಾಸ್ಟಿಕ್'ಗೆ. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರನ್ನು ಕನ್ನಡದಲ್ಲಿ ಅಜ್ಞೇಯತಾವಾದಿ ಎನ್ನುತ್ತೇವಲ್ಲ, 'ಅಗ್ನಾಸ್ಟಿಕ್' ಎಂಬುದರ ಅಂಗಾಂಗವೂ ಅದೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಮ್ಯಾಗ್ನನಿಮಸ್'. ಅದರ ಮೊದಲ ಭಾಗ ನಮ್ಮ 'ಮಹತ್'ನ ಬಂಧು, ಎರಡನೆಯದರ ಅರ್ಥ ಆತ್ಮ ಅಥವಾ ಮನಸ್ಸು. ಎಂದರೆ ಪದದ ಕಟ್ಟಡ 'ಮಹಾತ್ಮ' ಎಂಬುದರದ್ದೇ. ಅದರ ಎದುರಿಗೆ ಪುಟ್ಟ ಆತ್ಮದ 'ಪ್ಯೂಸಿಲಾನಿಮಸ್' ಇದೆ, ಎಂದರೆ ಹೇಡಿ. ಈ ಜೋಡಿಯನ್ನು ಹೀಗೆ ಒಮ್ಮೆ ಕಂಡವರಿಗೆ ಮರೆಯುವುದು ಕಷ್ಟ.

ಇಲ್ಲಿಂದಲೇ ಅಲ್ಲಿಗೆ ಹೋದ ಪದಗಳೂ ಇವೆ. ತಡೆಯಲಾಗದೆ ಎದುರಿಗಿದ್ದುದನ್ನೆಲ್ಲ ತುಳಿಯುತ್ತ ಸಾಗುವ ಶಕ್ತಿಗೆ ಇಂಗ್ಲಿಷಿನಲ್ಲಿ 'ಜಗ್ಗರ್ನಾಟ್' ಎನ್ನುತ್ತಾರೆ. ಅದು ಪುರಿಯ ಜಗನ್ನಾಥನ ರಥವನ್ನು ಕಂಡ ಯುರೋಪಿಯನ್ನರ ಬಾಯಿಂದ ಹುಟ್ಟಿದ ಪದ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಲ್ಲಿ ಉಚ್ಛಾಯಿ ರಥ ಎಳೆಯುವ ಸಂಜೆ ಆ ಜನಸಾಗರದ ನಡುವೆ ನಿಂತವರಿಗೆ ಪದದ ಭಾರವನ್ನು ನಿಘಂಟು ತೆರೆದು ವಿವರಿಸಬೇಕಾಗಿಲ್ಲ. ನಮ್ಮ ಕಡೆ ದಿನಬಳಕೆಯಲ್ಲಿರುವ 'ನವಾಬ'ನೂ ಇಂಗ್ಲಿಷಿಗೆ ಹೋಗಿ 'ನೇಬಾಬ್' ಆಗಿ, ಹಣವಂತ ದೊಡ್ಡ ಮನುಷ್ಯ ಎಂಬ ಅರ್ಥ ಪಡೆದಿದ್ದಾನೆ.

ಆದರೆ ಧಾತುಗಳ ದಾರಿಯಲ್ಲಿ ಹೊಂಡಗಳೂ ಉಂಟು. 'ಪೆಡೆಸ್ಟ್ರಿಯನ್'ನಲ್ಲಿರುವುದು ಲ್ಯಾಟಿನ್ನಿನ ಪಾದ; 'ಪೆಡಗಾಜಿ'ಯಲ್ಲಿರುವುದು ಗ್ರೀಕಿನ ಮಗು. 'ಎನರ್ವೇಟ್' ಕೇಳಿದರೆ ನರಕ್ಕೆ ಬಲ ತುಂಬುವ ಪದದಂತೆ ತೋರುತ್ತದೆ, ಅರ್ಥ ಮಾತ್ರ ಶಕ್ತಿಗುಂದಿಸು ಎಂದು. 'ಹೀನಸ್ ಕ್ರೈಮ್' ಎಂಬುದರಲ್ಲಿ ನಮ್ಮ 'ಹೀನ' ಇದೆಯೆಂದು ಬಹಳ ಜನ ನಂಬಿದ್ದಾರೆ. ಅದು ದ್ವೇಷ ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು, ಸರಿಯಾದ ಉಚ್ಚಾರಣೆ 'ಹೇನಸ್'. ನಾನೊಮ್ಮೆ ಮನೆಯ ಹತ್ತಿರದ ಮಾರುಕಟ್ಟೆಯ ಗದ್ದಲವನ್ನು ವರ್ಣಿಸಲು 'ನಾಯ್ಸಮ್' ಎಂದು ಬರೆದು, ಅದು 'ನಾಯ್ಸ್'ಗೆ ಸಂಬಂಧಿಸಿದ್ದಲ್ಲ, ದುರ್ನಾತ ಬೀರುವ ಎಂದರ್ಥ ಎಂದು ಮೇಷ್ಟ್ರಿಂದ ತಿಳಿದುಕೊಂಡೆ. ಆ ಮಾರುಕಟ್ಟೆಗೆ ಎರಡೂ ಹೊಂದುತ್ತವೆ ಎಂದು ಅವರೇ ಸಮಾಧಾನ ಹೇಳಿದರು. ಒಟ್ಟಿನಲ್ಲಿ ಧಾತು ನೆನಪಿಡಲು ಒಳ್ಳೆಯ ಗೂಟ. ಅರ್ಥವನ್ನು ಊಹಿಸಲು ಅಷ್ಟು ನಂಬಿಕೆಯದಲ್ಲ.

ಯಾವ ನಿಘಂಟು?

ಯಾವ ಮಾರ್ಗ ಹಿಡಿದರೂ ನಿಘಂಟು ಬೇಕೇ ಬೇಕು, ಮತ್ತು ಇಲ್ಲಿ ಇಂಗ್ಲಿಷ್–ಕನ್ನಡವೋ, ಇಂಗ್ಲಿಷ್–ಇಂಗ್ಲಿಷೋ ಎಂಬ ಹಳೆಯ ವಾದ ಎದುರಾಗುತ್ತದೆ. ತರಗತಿಗಳಲ್ಲಿ 'ಕನ್ನಡ ಅರ್ಥ ನೋಡಲೇಬೇಡಿ' ಎಂದು ಹೇಳುವವರಿದ್ದಾರೆ. ಇದು ನನಗೆ ಒಪ್ಪಿಗೆಯಾಗದ ಮಾತು. ತಿಳಿದ ಭಾಷೆಯಲ್ಲಿ ಅರ್ಥ ಹೊಳೆದ ಕ್ಷಣಕ್ಕೆ ಬೇರೆ ಬದಲಿಲ್ಲ, ಮತ್ತು ಆ ಕೆಲಸಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನಂಥ ಗಟ್ಟಿ ಆಧಾರ ನಮಗಿದೆ. (1894ರ ಕಿಟೆಲ್ ನಿಘಂಟನ್ನು ಕೆಲವರು ಇದಕ್ಕಾಗಿ ಹುಡುಕುತ್ತಾರೆ, ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು.) ಆದರೆ ಕನ್ನಡ ಅರ್ಥ ಬಾಗಿಲವರೆಗೆ ಕರೆದೊಯ್ದು ನಿಲ್ಲುತ್ತದೆ. 'ಫ್ರೂಗಲ್' ಮತ್ತು 'ಪಾರ್ಸಿಮೋನಿಯಸ್' ಎರಡಕ್ಕೂ 'ಮಿತವ್ಯಯದ' ಎಂದು ಗುರುತು ಹಾಕಿಕೊಂಡವರು, ಶಿಫಾರಸು ಪತ್ರವೊಂದರಲ್ಲಿ ಎರಡನೆಯದನ್ನು ಬಳಸಿದರೆ ಹೊಗಳಬೇಕಾದವರನ್ನು ಜಿಪುಣರೆಂದು ಬೈದಂತಾಗುತ್ತದೆ.

ನಮ್ಮೂರಿನ ಬಿಸಿಲನ್ನೇ ಉದಾಹರಣೆಯಾಗಿ ನೋಡಬಹುದು. ಮೇ ತಿಂಗಳ ಮಧ್ಯಾಹ್ನ ಸೇಡಂ ರಸ್ತೆಯಲ್ಲಿ ಮುಖಕ್ಕೆ ಹೊಡೆಯುವ ಝಳಕ್ಕೆ 'ಸ್ಕಾರ್ಚಿಂಗ್' ಅಥವಾ 'ಸಿಯರಿಂಗ್' ಎನ್ನಬೇಕು. 'ಸಲ್ಟ್ರಿ' ಎಂದರೂ ಸೆಕೆಯೇ, ಆದರೆ ಅದು ಗಾಳಿಯಲ್ಲಿ ತೇವ ತುಂಬಿ ಮೈ ಅಂಟಂಟಾಗುವ ಮಂಗಳೂರಿನ ಸೆಕೆ. ಕನ್ನಡವೂ ಧಗೆ, ಝಳ, ಸೆಕೆ, ಉರಿಬಿಸಿಲು ಎಂದು ಇವನ್ನು ಬೇರೆ ಬೇರೆ ಇಟ್ಟಿದೆ. ಪಟ್ಟಿಯ ಪುಸ್ತಕ ಮಾತ್ರ ಎಲ್ಲಕ್ಕೂ 'ವೆರಿ ಹಾಟ್' ಎಂದು ಒಂದೇ ಮುದ್ರೆ ಒತ್ತುತ್ತದೆ. ಈ ಅಂತರ ತಿಳಿಯಲು ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಂಗಡಿಗರೊಡನೆ 1942ರಲ್ಲಿ ಅಲ್ಲಿಯೇ ಪ್ರಕಟಿಸಿದ ನಿಘಂಟು 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದು, ಮುಂದೆ 'ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ' ಎಂಬ ಹೆಸರಿನಲ್ಲಿ ಬೆಳೆಯಿತು. ಅದರ ಹೆಚ್ಚುಗಾರಿಕೆ ಏನೆಂದರೆ, ಕಠಿಣ ಪದವನ್ನು ಸರಳ ಪದಗಳ ಮಿತಿಯೊಳಗೇ ವಿವರಿಸಿ, ಆ ಪದದ ಜೊತೆ ಯಾವ ಪದ ಕೂಡುತ್ತದೆ, ಯಾವುದು ಕೂಡದು ಎಂಬುದನ್ನು ಉದಾಹರಣೆ ವಾಕ್ಯದಲ್ಲಿ ತೋರಿಸುತ್ತದೆ.

ಪದಗಳಿಗೆ ಅಂತಸ್ತು ಇರುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು ಉರ್ದುವಿನಲ್ಲಿ ದಫ್ತರ ನಡೆಸಿದ ಈ ಸೀಮೆಯಲ್ಲಿ ಮನೆಯೊಳಗೆ 'ಕೇಳು', ಬರಹದಲ್ಲಿ 'ಪ್ರಶ್ನಿಸು', ಠಾಣೆಯಲ್ಲಿ 'ವಿಚಾರಣೆ', ಓಣಿಯ ಜಗಳದಲ್ಲಿ 'ಸವಾಲು' ಎಂದು ಒಂದೇ ಕ್ರಿಯೆಗೆ ಹಲವು ಪದಗಳನ್ನು ಜಾಗ ನೋಡಿ ಬಳಸುತ್ತೇವೆ. ಇಂಗ್ಲಿಷಿನ 'ಆಸ್ಕ್', 'ಕ್ವೆಶ್ಚನ್', 'ಇಂಟರಾಗೇಟ್' ಇರುವುದೂ ಹೀಗೆಯೇ. ಹೊಸ ಪದ ಕಲಿತಾಗ ಅದು ಮನೆಯದೋ, ಠಾಣೆಯದೋ ಎಂದು ಕೇಳಿಕೊಳ್ಳುವ ರೂಢಿಯಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ.

ಪತ್ರಿಕೆ ಮತ್ತು ಚೀಟಿ

ಪತ್ರಿಕೆಯ ಸಂಪಾದಕೀಯ ಓದಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಯಾವಾಗ ಓದಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪದಸಂಪತ್ತಿನ ಅಧ್ಯಯನದಲ್ಲಿ ದೊಡ್ಡ ಹೆಸರಾದ ಪಾಲ್ ನೇಷನ್ ಅವರು 2006ರಲ್ಲಿ ಲೆಕ್ಕ ಹಾಕಿದಂತೆ, ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು ಪುಟದ ಪದಗಳಲ್ಲಿ ನೂರಕ್ಕೆ 98 ತಿಳಿದಿರಬೇಕು, ಮತ್ತು ಅದಕ್ಕೆ 8000ದಿಂದ 9000 ಪದಕುಟುಂಬಗಳ ಪರಿಚಯ ಬೇಕು. ಎಂದರೆ ಐವತ್ತು ಪದಕ್ಕೊಂದು ಅಪರಿಚಿತ ಪದವಿದ್ದರೆ ಓದು ಸಾಗುತ್ತದೆ. ನೀವೇ ಪರೀಕ್ಷಿಸಿ ನೋಡಬಹುದು: ಇಂದಿನ ಸಂಪಾದಕೀಯದ ಮೊದಲ 100 ಪದಗಳನ್ನು ಎಣಿಸಿ, ಗೊತ್ತಿಲ್ಲದವುಗಳಿಗೆ ಗೆರೆ ಎಳೆಯಿರಿ. ಐದಕ್ಕಿಂತ ಹೆಚ್ಚು ಗೆರೆಗಳಿದ್ದರೆ ಸಂಪಾದಕೀಯ ಸದ್ಯಕ್ಕೆ ಬೇಡ. ಅದೇ ಪತ್ರಿಕೆಯ ಜಿಲ್ಲಾ ಸುದ್ದಿ ಮತ್ತು ಕ್ರೀಡಾಪುಟದಿಂದ ಆರಂಭಿಸುವುದು ಮೇಲು.

ಆರಂಭಕ್ಕೆ ನಿಮಗೆ ಮೊದಲೇ ತಿಳಿದ ವಿಷಯವನ್ನು ಆರಿಸಿಕೊಳ್ಳುವುದು ಜಾಣತನ. ತೊಗರಿಯ ಕಣಜದಲ್ಲಿ ಬೆಳೆದವರಿಗೆ ತೊಗರಿ ಮಾರುಕಟ್ಟೆಯ ಸುದ್ದಿ ಕೈದೀಪವಿದ್ದಂತೆ. ಬೆಳೆ ಒಮ್ಮೆಲೇ ಮಾರುಕಟ್ಟೆಗೆ ಹರಿದುಬಂದರೆ ಏನಾಗುತ್ತದೆಂದು ಗೊತ್ತಿರುವುದರಿಂದ, 'ಗ್ಲಟ್' ಎಂಬುದು ಅತಿಪೂರೈಕೆ ಎಂದೂ, ಅದರ ಮುಂದಿನ ವಾಕ್ಯದ 'ಪ್ಲಮೆಟ್' ಎಂಬುದು ದರ ಪಾತಾಳಕ್ಕೆ ಇಳಿಯುವುದೆಂದೂ ನಿಘಂಟಿಲ್ಲದೆ ಹೊಳೆಯುತ್ತದೆ. ಅದೇ ಸುದ್ದಿಯಲ್ಲಿ 'ಹೋರ್ಡಿಂಗ್' ಬಂದರೆ ಅದು ಜಗತ್ ವೃತ್ತದಲ್ಲಿ ಕಾಣುವ ಜಾಹೀರಾತು ಫಲಕವಲ್ಲ, ವ್ಯಾಪಾರಿಯ ಗೋದಾಮಿನ ಅಕ್ರಮ ದಾಸ್ತಾನು ಎಂಬುದೂ ಸಂದರ್ಭದಿಂದಲೇ ತಿಳಿಯುತ್ತದೆ. ಹೀಗೆ ಕಲಿತ ಪದ ಒಂಟಿಯಾಗಿ ಬರುವುದಿಲ್ಲ, ತನ್ನ ನೆರೆಹೊರೆಯೊಂದಿಗೆ ಬರುತ್ತದೆ. ಪಟ್ಟಿಗೆ ಸಾಧ್ಯವಾಗದ್ದು ಇದು.

ಓದಿನ ದೋಷಗಳು ಎರಡು. ಒಂದು, ಕಿವಿಗೆ ಬೀಳದ ಪದ ಬಾಯಲ್ಲಿ ಕೆಡುತ್ತದೆ: 'ಎಪಿಟಮಿ'ಯನ್ನು 'ಎಪಿಟೋಮ್' ಎಂದೂ, 'ಇಂಡೈಟ್'ಅನ್ನು 'ಇಂಡಿಕ್ಟ್' ಎಂದೂ ವರ್ಷಗಟ್ಟಲೆ ಓದಿಕೊಂಡವರನ್ನು ನಾನು ಬಲ್ಲೆ. ಮೊಬೈಲಿನ ನಿಘಂಟಿನಲ್ಲಿ ಧ್ವನಿಯ ಗುರುತನ್ನು ಒತ್ತಿ ಕೇಳಿದರೆ ಇದು ಸರಿಹೋಗುತ್ತದೆ. ಎರಡನೆಯದು ಇನ್ನೂ ದೊಡ್ಡದು: ಒಮ್ಮೆ ಕಂಡ ಅಪರೂಪದ ಪದ ಮತ್ತೆ ಎದುರಾಗುವ ಹೊತ್ತಿಗೆ ಮರೆತುಹೋಗಿರುತ್ತದೆ. ಇಲ್ಲಿಯೇ ಚೀಟಿಗಳು ಕೆಲಸಕ್ಕೆ ಬರುತ್ತವೆ.

ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಮರೆಯುವ ಅಂಚಿಗೆ ಬಂದಾಗ ನೆನಪಿಸಿಕೊಂಡರೆ ನೆನಪು ಗಟ್ಟಿಯಾಗುತ್ತದೆ ಎಂಬುದು ಚೀಟಿಗಳ ತತ್ವ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಸೂಚಿಸಿದ ಪೆಟ್ಟಿಗೆಯ ವಿಧಾನದಲ್ಲಿ ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳುತ್ತದೆ. ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ತೆರೆಯಬೇಕು. ಇದೇ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ 'ಆಂಕಿ' ಎಂಬ ತಂತ್ರಾಂಶ 2006ರಿಂದ ಇದೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಮೊಬೈಲಿನಲ್ಲಿ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಮೊಬೈಲ್ ಕೈಗೆ ಬಂದರೆ ಪದ ಬಿಟ್ಟು ಉಳಿದದ್ದನ್ನೆಲ್ಲ ನೋಡುವ ಚಾಳಿ ಇರುವವರಿಗೆ ಕಾಗದವೇ ಕ್ಷೇಮ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನಷ್ಟು ಒಳ್ಳೆಯ ಚೀಟಿ ಅಂಗಡಿಯಲ್ಲಿ ಸಿಗುವುದಿಲ್ಲ; ಗಟ್ಟಿ ಕಾಗದ, ಖರ್ಚಿಲ್ಲ, ನಮ್ಮ ಕಡೆ ಬೇಸಿಗೆಯಲ್ಲಿ ಕೊರತೆಯೂ ಇಲ್ಲ.

ಚೀಟಿಯ ಮುಂಭಾಗದಲ್ಲಿ ಬರೀ ಪದ, ಹಿಂಭಾಗದಲ್ಲಿ ಬರೀ ಅರ್ಥ ಬರೆದರೆ ಅದು ತುಂಡು ಮಾಡಿದ ಪಟ್ಟಿಯಷ್ಟೇ. ಮುಂದೆ ಪದ ಕಂಡ ವಾಕ್ಯವನ್ನೇ ಬರೆದು ಪದದ ಜಾಗ ಖಾಲಿ ಬಿಡಿ, ಹಿಂದೆ ಪದ, ಕನ್ನಡ ಅರ್ಥ ಮತ್ತು ನಿಮ್ಮದೇ ಒಂದು ವಾಕ್ಯ ಇರಲಿ. ಇತರರು ಮಾಡಿಟ್ಟ ಸಾವಿರಾರು ಚೀಟಿಗಳ ಕಟ್ಟುಗಳು ಉಚಿತವಾಗಿ ಸಿಗುತ್ತವೆಯಾದರೂ, ನನ್ನ ಅನುಭವದಲ್ಲಿ ಅವು ಹೆಚ್ಚು ದಿನ ನಡೆಯುವುದಿಲ್ಲ. ಪದವನ್ನು ಹುಡುಕಿ ಬರೆಯುವ ಶ್ರಮದಲ್ಲೇ ಅರ್ಧ ಕಲಿಕೆ ಆಗಿರುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಚೀಟಿ ಸೇರಿಸಬೇಡಿ. ಹತ್ತೇ ಆದರೂ ಕೆಲವೇ ವಾರಗಳಲ್ಲಿ ನಿತ್ಯ ಮರಳಿ ನೋಡಬೇಕಾದವುಗಳ ಸಂಖ್ಯೆ ಅದರ ಹಲವು ಪಟ್ಟಾಗಿ, ಉತ್ಸಾಹದಲ್ಲಿ ಮೂವತ್ತು ಸೇರಿಸಿದವರು ಅಲ್ಲಿಯೇ ಕೈಚೆಲ್ಲುತ್ತಾರೆ.

ತರಬೇತಿ ಕೇಂದ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಕೊಡುವ ಪದಗಳ ಹಾಳೆ ಪಟ್ಟಿಯೇ. ಆದರೆ ವಾರದ ಕಿರುಪರೀಕ್ಷೆ, ಮತ್ತು ನೀವು ಬರೆದ ವಾಕ್ಯವನ್ನು ತಿದ್ದುವ ಮನುಷ್ಯ ಇದ್ದರೆ, ಅಷ್ಟಕ್ಕೆ ಶುಲ್ಕ ಕೊಡಬಹುದು. ತಿದ್ದುವವರಿಲ್ಲದಿದ್ದರೆ ಬೇಡ.

ಹಾಗಾದರೆ ಯಾರಿಗೆ ಯಾವುದು? ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗೆ ಎರಡು ತಿಂಗಳಷ್ಟೇ ಉಳಿದಿದ್ದರೆ, ಹಿಂದಿನ ಪ್ರಶ್ನೆಪತ್ರಿಕೆಗಳಿಂದ ಹೆಕ್ಕಿದ ಪಟ್ಟಿ ಮತ್ತು ಚೀಟಿ. ಸಂಪಾದಕೀಯಕ್ಕೆ ಸಮಯ ಕೊಡುವುದು ಆಗ ದುಬಾರಿ. ಬ್ಯಾಂಕ್ ಪರೀಕ್ಷೆಗಾದರೆ ದಿನವೂ ಗಡಿಯಾರ ಇಟ್ಟು ಓದಬೇಕು, ಪಟ್ಟಿ ಬೇಕಿಲ್ಲ. ಲೋಕಸೇವಾ ಆಯೋಗದ ಹಾದಿಯಲ್ಲಿರುವವರು ಹೇಗೂ ಪತ್ರಿಕೆ ಓದುತ್ತಾರೆ. ಓದಿದ ಲೇಖನವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಬರೆದರೆ ಪದಗಳು ಕಣ್ಣಿನಿಂದ ಕೈಗೆ ಇಳಿಯುತ್ತವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲೋ ಸ್ನಾತಕೋತ್ತರ ಪದವಿಗೆ ಸೇರಿ, ಮೊದಲ ಸಲ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕಾದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಆ 570 ಪದಕುಟುಂಬಗಳನ್ನು. ದಿನಕ್ಕೆ ಐದರಂತೆ ನಾಲ್ಕು ತಿಂಗಳೊಳಗೆ ಮುಗಿಯುತ್ತವೆ ಮತ್ತು ಮರುದಿನದ ಪಾಠದಲ್ಲೇ ಎದುರಾಗುತ್ತವೆ. ಐಇಎಲ್‌ಟಿಎಸ್ ಬರೆಯುವವರು ಹೊಸ ಪದಗಳ ಬೆನ್ನು ಹತ್ತುವ ಬದಲು ತಿಳಿದ ಪದಗಳ ಜೊತೆಗಾರರನ್ನು ಕಲಿಯಲಿ. ಜಿಆರ್‌ಇ ಬರೆಯುವವರಿಗೆ ಮಾತ್ರ ಧಾತು, ಚೀಟಿ, ಉದ್ದದ ಓದು ಮೂರೂ ಬೇಕು, ಅದಕ್ಕೆ ಕನಿಷ್ಠ ಆರು ತಿಂಗಳು ಹಿಡಿಯುತ್ತದೆ.

ಹಣದ ವಿಚಾರದಲ್ಲಿ ಇನ್ನೊಂದು ಮಾತು. ಕಲಿಯುವವರ ಇಂಗ್ಲಿಷ್ ನಿಘಂಟನ್ನು ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೊಂಡರೂ ನಷ್ಟವಿಲ್ಲ, ಹತ್ತು ವರ್ಷ ಹಿಂದಿನ ಮುದ್ರಣದಲ್ಲೂ 'ಫ್ರೂಗಲ್'ನ ಅರ್ಥ ಅದೇ ಇರುತ್ತದೆ. ಪರೀಕ್ಷೆಯ ಪುಸ್ತಕವನ್ನು ಹಾಗೆ ಕೊಳ್ಳುವಾಗ ಮಾತ್ರ ಒಳಪುಟದಲ್ಲಿ ಮುದ್ರಣದ ವರ್ಷ ನೋಡಿ, ಮಾದರಿ ಪ್ರಶ್ನೆಗಳನ್ನು ಈಗಿನ ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ಬೆಲೆ ಮಾತಾಡಿ.